ಪಿಎಚ್‌ಸಿ ಕೆಲಸದ ಜೊತೆಗೆ ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ: ಎಂಡಿ, ಎಂಪಿಎಚ್, ಹೊರದೇಶದ ಕೋರ್ಸ್, ಯಾರಿಗೆ ಯಾವುದು?

ತುಂಗಾತೀರ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ಮೂವರ ಪರವಾಗಿ ಒಂದೇ ಕಡೆ ಕೇಳುತ್ತಿದ್ದೇನೆ. ಒಬ್ಬರು ಎಂಬಿಬಿಎಸ್, ಮಲೆನಾಡಿನ ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಕಾಯಂ ವೈದ್ಯಾಧಿಕಾರಿ, ನಾಲ್ಕು ವರ್ಷದ ಸೇವೆ. ಇನ್ನೊಬ್ಬರು ಬಿಡಿಎಸ್, ಎನ್‌ಎಚ್‌ಎಂ (ರಾಷ್ಟ್ರೀಯ ಆರೋಗ್ಯ ಅಭಿಯಾನ) ಗುತ್ತಿಗೆಯಲ್ಲಿ ಜಿಲ್ಲಾ ಕಚೇರಿಯ ಕೆಲಸ. ಮೂರನೆಯವರು ಬಿಎಸ್ಸಿ ನರ್ಸಿಂಗ್, ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಸಿಎಚ್‌ಒ, ಅಂದರೆ ಸಮುದಾಯ ಆರೋಗ್ಯ ಅಧಿಕಾರಿ. ಮೂವರಿಗೂ ಸಾರ್ವಜನಿಕ ಆರೋಗ್ಯದಲ್ಲಿ ಮುಂದೆ ಓದುವ ಮನಸ್ಸಿದೆ.

ತಿಳಿಯಬೇಕಾದದ್ದು ಇಷ್ಟು. ಎಂಡಿ ಕಮ್ಯುನಿಟಿ ಮೆಡಿಸಿನ್, ಎಂಪಿಎಚ್ (ಮಾಸ್ಟರ್ ಆಫ್ ಪಬ್ಲಿಕ್ ಹೆಲ್ತ್), ಹೊರದೇಶದ "ಗ್ಲೋಬಲ್ ಹೆಲ್ತ್" ಎಂಎಸ್ಸಿ, ಇವುಗಳಲ್ಲಿ ಯಾರಿಗೆ ಯಾವುದು ಒಗ್ಗುತ್ತದೆ? ಕೆಲಸ ಬಿಡದೆ ಓದುವುದು ಸಾಧ್ಯವೇ, ವಾರಕ್ಕೆ ಎಷ್ಟು ಗಂಟೆ ಬೇಕು? ಥೀಸಿಸ್‌ನಲ್ಲಿ ಜನ ಎಲ್ಲಿ ಮುಗ್ಗರಿಸುತ್ತಾರೆ? ಶುಲ್ಕದ ಪಟ್ಟಿ ಕಾಲೇಜುಗಳ ವೆಬ್‌ಸೈಟಿನಲ್ಲೇ ಸಿಗುತ್ತದೆ, ಅದು ಬೇಡ. ಅಲ್ಲಿ ಬರೆದಿರದ ಸಂಗತಿ ಬೇಕು.

ಸರ್ವೇಕ್ಷಣೆ

"ಸಾರ್ವಜನಿಕ ಆರೋಗ್ಯ ಓದಬೇಕು" ಅನ್ನುವ ಒಂದು ಮಾತಿನೊಳಗೆ ಮೂರು ಬೇರೆ ಬೇರೆ ಕೆಲಸಗಳು ಅಡಗಿವೆ. ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವುದು ಒಂದು. ಇಲಾಖೆಯಲ್ಲಿ ಅಥವಾ ಸಂಸ್ಥೆಯಲ್ಲಿ ಕಾರ್ಯಕ್ರಮ ನಡೆಸುವುದು ಇನ್ನೊಂದು. ರೋಗ ಹಬ್ಬಿದಾಗ ಊರಿಗೆ ಹೋಗಿ ಮೂಲ ಹುಡುಕುವುದು ಮೂರನೆಯದು. ಐದು ವರ್ಷದ ನಂತರ ಇವುಗಳಲ್ಲಿ ಯಾವುದನ್ನು ಮಾಡುತ್ತಿರಬೇಕು ಎಂದು ಮೂವರೂ ಮೊದಲು ಬರೆದಿಟ್ಟುಕೊಳ್ಳಲಿ. ಕೋರ್ಸಿನ ಹೆಸರು ಅದರ ಮೇಲೆ ತೀರ್ಮಾನವಾಗುತ್ತದೆ. ತಿರುಗಾಮುರುಗಾ ಮಾಡಿದರೆ ಎರಡು ವರ್ಷವೂ ಹೋಗುತ್ತದೆ, ಕೆಲಸವೂ ಬದಲಾಗುವುದಿಲ್ಲ.

ಪಾಠ ಮಾಡುವ ದಾರಿ ಎಂಬಿಬಿಎಸ್ ಆದವರಿಗೆ ಎಂಡಿಯೇ. ನೀಟ್ ಪಿಜಿ ಬರೆಯಬೇಕು, ಮೂರು ವರ್ಷ, ಅದರಲ್ಲಿ ಮೂರು ತಿಂಗಳು ಜಿಲ್ಲಾ ರೆಸಿಡೆನ್ಸಿ, ಅಂದರೆ ಜಿಲ್ಲಾ ಆರೋಗ್ಯ ವ್ಯವಸ್ಥೆಯಲ್ಲಿ ಕೆಲಸ. ಎಂಪಿಎಚ್ ಎಷ್ಟೇ ಒಳ್ಳೆಯ ಕಡೆ ಮಾಡಿದರೂ ಕಮ್ಯುನಿಟಿ ಮೆಡಿಸಿನ್ ವಿಭಾಗದಲ್ಲಿ ಎಂಡಿಗೆ ಬದಲಿ ಆಗುವುದಿಲ್ಲ, ತಜ್ಞ ವೈದ್ಯರೆಂಬ ಮಾನ್ಯತೆಯನ್ನೂ ಕೊಡುವುದಿಲ್ಲ. ಇದು ಸೇರಿದ ಮೇಲೆ ಗೊತ್ತಾಗಿ ಪೇಚಾಡುವವರು ಬಹಳ. ಕಾಯಂ ವೈದ್ಯಾಧಿಕಾರಿಗಳು ಸೇವಾನಿರತರ ಕೋಟಾದ ಷರತ್ತು, ಬಾಂಡ್, ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಎಲ್ಲವನ್ನೂ ಆಯಾ ವರ್ಷದ ಸುತ್ತೋಲೆಯಲ್ಲೇ ಓದಬೇಕು. ಹಳೆಯ ಬ್ಯಾಚಿನವರ ಬಾಯಿಮಾತು ನಂಬಿ ಹೊರಡಬಾರದು. ಕಡತ ಟಿಎಚ್‌ಒ, ಡಿಎಚ್‌ಒ (ತಾಲ್ಲೂಕು, ಜಿಲ್ಲಾ ಆರೋಗ್ಯಾಧಿಕಾರಿ) ಮೇಜು ದಾಟಿ ಬೆಂಗಳೂರಿಗೆ ಹೋಗಿ ಬರುವುದಕ್ಕೇ ತಿಂಗಳುಗಳು ಹಿಡಿಯುತ್ತವೆ, ಆದ್ದರಿಂದ ಪರೀಕ್ಷೆಗೆ ಅರ್ಜಿ ಹಾಕುವ ದಿನವೇ ಎನ್‌ಒಸಿಗೂ ಹಾಕಿಬಿಡಿ.

ಎಂಪಿಎಚ್ ಎರಡು ವರ್ಷ, ನಾಲ್ಕು ಸೆಮಿಸ್ಟರ್. ಬಿಡಿಎಸ್, ಆಯುಷ್, ನರ್ಸಿಂಗ್, ಪಶುವೈದ್ಯಕೀಯ, ಕೆಲವು ಕಡೆ ಸಮಾಜಕಾರ್ಯ, ಸಂಖ್ಯಾಶಾಸ್ತ್ರದವರಿಗೂ ಬಾಗಿಲು ತೆರೆದಿದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಅಚ್ಯುತ ಮೆನನ್ ಕೇಂದ್ರ 1997ರಿಂದ ನಡೆಸುತ್ತಿದೆ. ನಮ್ಮಲ್ಲಿ ನಿಮ್ಹಾನ್ಸ್, ಮಣಿಪಾಲದ ಪ್ರಸನ್ನ ಸ್ಕೂಲ್, ಮೈಸೂರಿನ ಜೆಎಸ್ಎಸ್, ಬೆಳಗಾವಿಯ ಕೆಎಲ್ಇ ಇವೆ. ಹೊರಗೆ ಮುಂಬೈನ ಟಿಸ್, ಚಂಡೀಗಢದ ಪಿಜಿಐ, ಪುದುಚೇರಿಯ ಜಿಪ್ಮರ್, 1932ರಲ್ಲಿ ಶುರುವಾದ ಕೋಲ್ಕತ್ತದ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆ.

ಇವುಗಳ ನಡುವೆ ಆರಿಸುವಾಗ ರ್‍ಯಾಂಕಿಂಗ್ ಪಕ್ಕಕ್ಕಿಟ್ಟು ಕಚೇರಿಗೆ ಫೋನ್ ಮಾಡಿ ನಾಲ್ಕು ವಿಷಯ ಕೇಳಿ. ಎರಡು ವರ್ಷದಲ್ಲಿ ಫೀಲ್ಡ್ ಎಷ್ಟು ವಾರ, ಅದು ಯಾವ ತಾಲ್ಲೂಕಿನಲ್ಲಿ? ಬಯೋಸ್ಟಾಟಿಸ್ಟಿಕ್ಸ್ ಅಧ್ಯಾಪಕರು ಪೂರ್ಣಾವಧಿಯವರೋ, ವಾರಕ್ಕೊಮ್ಮೆ ಬಂದು ಹೋಗುವ ಅತಿಥಿಗಳೋ? ಒಬ್ಬ ಗೈಡ್‌ಗೆ ಎಷ್ಟು ವಿದ್ಯಾರ್ಥಿಗಳು? ಕಳೆದ ಬ್ಯಾಚಿನವರು ಈಗ ಎಲ್ಲಿದ್ದಾರೆ? "ಫೀಲ್ಡ್ ವಿಸಿಟ್" ಎಂದು ಬಸ್ಸಿನಲ್ಲಿ ಕರೆದೊಯ್ದು ನೀರು ಶುದ್ಧೀಕರಣ ಘಟಕ ತೋರಿಸಿ ಸಂಜೆಗೆ ವಾಪಸ್ ತರುವ ಕಡೆ ಎಂಪಿಎಚ್ ಮಾಡಿದರೆ ಪ್ರಮಾಣಪತ್ರ ಸಿಗುತ್ತದೆ, ಕೆಲಸ ಬರುವುದಿಲ್ಲ. ಕೊನೆಯ ಸೆಮಿಸ್ಟರಿನ ಥೀಸಿಸ್‌ನ ದತ್ತಾಂಶವನ್ನು ವಿದ್ಯಾರ್ಥಿಯೇ ಸಂಗ್ರಹಿಸಬೇಕೋ ಅಥವಾ ಇರುವ ಸಮೀಕ್ಷೆಯನ್ನೇ ಮತ್ತೆ ಅರೆಯುತ್ತಾರೋ ಅನ್ನುವುದೂ ಮುಖ್ಯ. ಎರಡನೆಯದು ಕೆಟ್ಟದ್ದೇನಲ್ಲ, ಆದರೆ ಮನೆ ಮನೆ ಹತ್ತಿ ಇಳಿಯದವರಿಗೆ ಅಂಕಿ ಎಲ್ಲಿ ಸುಳ್ಳಾಗುತ್ತದೆ ಎಂದು ತಿಳಿಯುವುದಿಲ್ಲ.

ಮೂರನೆಯ ದಾರಿಯ ಬಗ್ಗೆ ನಮ್ಮಲ್ಲಿ ಮಾತೇ ಕಡಿಮೆ: ಫೀಲ್ಡ್ ಎಪಿಡೆಮಿಯಾಲಜಿ, ಅಂದರೆ ಊರಿಗೆ ಹೋಗಿ ರೋಗದ ಮೂಲ ಹುಡುಕುವ ವಿದ್ಯೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 1951ರಲ್ಲಿ ಶುರು ಮಾಡಿದ ಎಪಿಡೆಮಿಕ್ ಇಂಟೆಲಿಜೆನ್ಸ್ ಸರ್ವಿಸ್ ಮಾದರಿಯಲ್ಲಿ ನಮ್ಮ ಎನ್‌ಸಿಡಿಸಿ (ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರ) 2012ರಿಂದ ಇಂಡಿಯಾ ಇಐಎಸ್ ನಡೆಸುತ್ತಿದೆ. ಎರಡು ವರ್ಷ, ತರಗತಿ ಕಡಿಮೆ, ಕೆಲಸ ಹೆಚ್ಚು. ಔಟ್‌ಬ್ರೇಕ್ ತನಿಖೆ, ಒಂದು ಸರ್ವೇಕ್ಷಣಾ (ರೋಗಗಳ ಮೇಲೆ ನಿಗಾ ಇಡುವ) ವ್ಯವಸ್ಥೆಯ ಮೌಲ್ಯಮಾಪನ, ದತ್ತಾಂಶ ವಿಶ್ಲೇಷಣೆ, ವರದಿ ಬರೆಯುವುದು, ಪ್ರತಿಯೊಂದನ್ನೂ ಮಾರ್ಗದರ್ಶಕರ ಕಣ್ಣೆದುರು ಮಾಡಿ ಮುಗಿಸಬೇಕು. ತಾಲ್ಲೂಕು, ಜಿಲ್ಲಾ ಸಿಬ್ಬಂದಿಗೆ ಇದರದ್ದೇ ಮೂರು ತಿಂಗಳ ಫ್ರಂಟ್‌ಲೈನ್ ಹಂತವಿದೆ, ಕೆಲಸದಲ್ಲಿ ಇದ್ದುಕೊಂಡೇ ಮಾಡುವಂಥದ್ದು. ಚೆನ್ನೈನ ಐಸಿಎಂಆರ್-ಎನ್ಐಇ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಎಪಿಡೆಮಿಯಾಲಜಿ ಸಂಸ್ಥೆ) ನಡೆಸುವ ಎಂಪಿಎಚ್ ಕೂಡ ಹತ್ತಿರದ ಜಾತಿಯದು. ಚೆನ್ನೈನಲ್ಲಿ ಸಂಪರ್ಕ ತರಗತಿ, ನಡುವೆ ಫೀಲ್ಡ್ ಅಸೈನ್‌ಮೆಂಟ್, ಪದವಿ ಶ್ರೀ ಚಿತ್ರಾದಿಂದ.

ನೀವು ಹೇಳಿದ ವೈದ್ಯಾಧಿಕಾರಿ ಇಲಾಖೆಯಲ್ಲೇ ಉಳಿದು ಮುಂದೆ ಟಿಎಚ್‌ಒ, ಜಿಲ್ಲಾ ಸರ್ವೇಕ್ಷಣಾಧಿಕಾರಿ ಆಗುವ ಮನಸ್ಸಿದ್ದರೆ ಈ ಮೂರನೆಯದೇ ಸೂಕ್ತ. ಬಿಡಿಎಸ್ ಮಾಡಿದವರಿಗೆ ಎರಡು ವರ್ಷದ ಎಂಪಿಎಚ್. ಗುತ್ತಿಗೆ ನೌಕರರು ಅಧ್ಯಯನ ರಜೆ ಸಿಗದು ಎಂದೇ ಎಣಿಸಿ ಹಣದ ಲೆಕ್ಕ ಹಾಕಿಕೊಳ್ಳಬೇಕು.

ಕಡಲಾಚೆ

ಹೊರದೇಶದ ಕೋರ್ಸ್ ಬಗ್ಗೆ ನಾನು ಬರೆಯುತ್ತೇನೆ.

ಗಂಟೆಯ ಲೆಕ್ಕದಿಂದ ಶುರು ಮಾಡೋಣ. ಬ್ರಿಟನ್ನಿನ ಎಂಎಸ್ಸಿ 180 ಕ್ರೆಡಿಟ್, ಒಂದು ಕ್ರೆಡಿಟ್‌ಗೆ 10 ಗಂಟೆ ಓದು, ಒಟ್ಟು 1,800 ಗಂಟೆ. ಅಲ್ಲೇ ಇದ್ದು ಓದಿದರೆ ಒಂದು ವರ್ಷ. ಲಂಡನ್ ಸ್ಕೂಲ್ ಆಫ್ ಹೈಜೀನ್ ಅಂಡ್ ಟ್ರಾಪಿಕಲ್ ಮೆಡಿಸಿನ್‌ನಂಥ ಕಡೆ ಇದೇ ಪದವಿಯನ್ನು ದೂರಶಿಕ್ಷಣದಲ್ಲೂ ಮಾಡಬಹುದು. ವಾರಕ್ಕೆ 10 ಗಂಟೆ ಕೊಟ್ಟರೆ 180 ವಾರ, ಅಂದರೆ ಹತ್ತಿರ ಹತ್ತಿರ ಮೂರೂವರೆ ವರ್ಷ. 15 ಗಂಟೆ ಕೊಟ್ಟರೆ 120 ವಾರ. 15 ಕ್ರೆಡಿಟ್‌ನ ಒಂದು ಮಾಡ್ಯೂಲ್‌ಗೆ 150 ಗಂಟೆ. ಪಿಎಚ್‌ಸಿಯಲ್ಲಿ ಒಬ್ಬರೇ ವೈದ್ಯರಿದ್ದು ರಾತ್ರಿ ಕರೆಯೂ ಬರುತ್ತಿದ್ದರೆ ವಾರಕ್ಕೆ 8 ಗಂಟೆಗಿಂತ ಹೆಚ್ಚು ನಿಜವಾಗಿ ಸಿಗುವುದಿಲ್ಲ. ಅಂಥವರು ವರ್ಷಕ್ಕೆ ನಾಲ್ಕು ಮಾಡ್ಯೂಲ್‌ಗೆ ಹೆಸರು ಕೊಟ್ಟರೆ ಎರಡು ಬಿಟ್ಟುಹೋಗುತ್ತವೆ, ಕಟ್ಟಿದ ಶುಲ್ಕವೂ ಹೋಗುತ್ತದೆ. ಮೊದಲ ವರ್ಷ ಎರಡೇ ತೆಗೆದುಕೊಳ್ಳಿ, ಅದರಲ್ಲಿ ಒಂದು ಸಂಖ್ಯಾಶಾಸ್ತ್ರ ಇರಲಿ.

ಯುರೋಪಿನಲ್ಲಿ ಟ್ರಾಪ್‌ಎಡ್ ಎಂಬ ವಿಶ್ವವಿದ್ಯಾಲಯಗಳ ಜಾಲವಿದೆ. ಅವರ ಅಂತರರಾಷ್ಟ್ರೀಯ ಆರೋಗ್ಯದ ಎಂಎಸ್ಸಿ 60 ಇಸಿಟಿಎಸ್ (ಯುರೋಪಿನ ಕ್ರೆಡಿಟ್): 20 ಮೂಲ ಕೋರ್ಸ್, 20 ಆರಿಸಿಕೊಳ್ಳುವ ಮಾಡ್ಯೂಲ್, 20 ಥೀಸಿಸ್. ಒಂದು ಇಸಿಟಿಎಸ್ ಎಂದರೆ 25ರಿಂದ 30 ಗಂಟೆ. ಮಾಡ್ಯೂಲ್‌ಗಳನ್ನು ಬೇರೆ ಬೇರೆ ದೇಶದಲ್ಲಿ ತುಂಡು ತುಂಡಾಗಿ, ಕೆಲವೇ ವಾರ ರಜೆ ಹಾಕಿ ಮುಗಿಸಬಹುದು ಅನ್ನುವುದು ಇದರ ಅನುಕೂಲ. ಪ್ರತಿ ತುಂಡಿಗೂ ಹೊಸ ವೀಸಾ, ಹೊಸ ವಿಮಾನ ಟಿಕೆಟ್ ಅನ್ನುವುದು ಅನಾನುಕೂಲ.

ಡಿಟಿಎಂ ಅಂಡ್ ಎಚ್ (ಉಷ್ಣವಲಯದ ವೈದ್ಯಕೀಯ ಮತ್ತು ನೈರ್ಮಲ್ಯದ ಡಿಪ್ಲೊಮಾ) ಬೇರೆಯೇ ಸಂಗತಿ, ಎಂಎಸ್ಸಿ ಜೊತೆ ಬೆರೆಸಬೇಡಿ. ಲಂಡನ್, ಲಿವರ್‌ಪೂಲ್‌ಗಳಲ್ಲಿ ಸುಮಾರು ಮೂರು ತಿಂಗಳ ಡಿಪ್ಲೊಮಾ, ವೈದ್ಯರಿಗೆ. ಮಲೇರಿಯಾ ಸ್ಲೈಡ್ ಓದುವುದು, ಪರಾವಲಂಬಿಗಳನ್ನು ಗುರುತಿಸುವುದು, ಉಷ್ಣವಲಯದ ರೋಗಗಳ ಚಿಕಿತ್ಸೆ ಇದರ ಜೀವಾಳ.

ಇಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿ ಹೇಳುತ್ತೇನೆ. ಲಿವರ್‌ಪೂಲ್ ಶಾಲೆ 1898ರಲ್ಲಿ, ಲಂಡನ್ ಶಾಲೆ 1899ರಲ್ಲಿ ಶುರುವಾದದ್ದು ವಸಾಹತುಗಳಿಗೆ ಹೋಗುವ ವೈದ್ಯರನ್ನು ತಯಾರು ಮಾಡಲು. ಅಲ್ಲಿನ ವಿದ್ಯಾರ್ಥಿಗಳು ಕಡಲು ದಾಟಿ ಬಂದು ನೋಡಬೇಕಾದ ಕ್ಷಯ, ಇಲಿಜ್ವರ, ಹಾವು ಕಡಿತ, ಮಂಗನ ಕಾಯಿಲೆ ಮಲೆನಾಡಿನ ವೈದ್ಯಾಧಿಕಾರಿಯ ಹೊರರೋಗಿ ವಿಭಾಗದಲ್ಲೇ ಇವೆ. ಆದ್ದರಿಂದ ಇಲ್ಲಿಂದ ಹೋಗುವವರು ರೋಗ ಕಲಿಯಲು ದುಡ್ಡು ಸುರಿಯಬಾರದು. ವಿಧಾನ ಕಲಿಯಲು ಹೋಗಬೇಕು: ಸಂಖ್ಯಾಶಾಸ್ತ್ರ, ಆರೋಗ್ಯ ಅರ್ಥಶಾಸ್ತ್ರ, ಮಾದರೀಕರಣ, ಆರೋಗ್ಯ ವ್ಯವಸ್ಥೆಯ ಸಂಶೋಧನೆ. ಮಂಗನ ಕಾಯಿಲೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಂಡಿತು. 2012ರಲ್ಲಿ ಬಂಡೀಪುರ, ಆಮೇಲೆ ವಯನಾಡು, ಗೋವಾ, ಸಿಂಧುದುರ್ಗದವರೆಗೂ ಕಾಣಿಸಿಕೊಂಡಿತು. ರೋಗ ಹರಡುವ ಉಣ್ಣೆ ಹುಳು, ಮಂಗ, ದನ, ಕಾಡಿಗೆ ದರಗು (ಒಣ ಎಲೆ) ತರಲು ಹೋಗುವ ಹೆಂಗಸರು, ಇಷ್ಟನ್ನೂ ಒಟ್ಟಿಗೆ ನೋಡುವುದನ್ನೇ ಈಗ ಜಗತ್ತು ಒನ್ ಹೆಲ್ತ್ ಅನ್ನುತ್ತದೆ. ಈ ವಿಷಯ ಕೈಯಲ್ಲಿಟ್ಟುಕೊಂಡು ಅರ್ಜಿ ಹಾಕುವವರು ಅಲ್ಲಿ ಬರಿಗೈಯಲ್ಲಿ ಹೋದ ಹಾಗಲ್ಲ.

ಢಾಕಾದ ಬ್ರ್ಯಾಕ್ ವಿಶ್ವವಿದ್ಯಾಲಯದ ಜೇಮ್ಸ್ ಪಿ ಗ್ರಾಂಟ್ ಸ್ಕೂಲನ್ನೂ ಪಟ್ಟಿಯಲ್ಲಿ ಇಟ್ಟುಕೊಳ್ಳಿ. 2004ರಲ್ಲಿ ಶುರುವಾಯಿತು, ಒಂದು ವರ್ಷದ ಎಂಪಿಎಚ್, ಹಳ್ಳಿಯಲ್ಲಿ ಉಳಿದು ಮಾಡುವ ಕೆಲಸವೂ ಸೇರಿದೆ. ನಮ್ಮಂಥದ್ದೇ ಜನಸಾಂದ್ರತೆ, ನಮ್ಮಂಥದ್ದೇ ಬಡತನ, ನಮ್ಮ ಆಶಾಗಳ ಹಾಗೆಯೇ ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಯರು. ಅಲ್ಲಿ ಕಲಿತದ್ದು ರಾಯಚೂರಿಗೆ ನೇರ ಬರುತ್ತದೆ.

ವಿದ್ಯಾರ್ಥಿವೇತನ: ಬ್ರಿಟನ್ ಸರ್ಕಾರದ ಚೀವ್ನಿಂಗ್‌ಗೆ 2,800 ಗಂಟೆ ಕೆಲಸದ ಅನುಭವ ಬೇಕು, ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿ ಇರಬೇಕು. ಕಾಮನ್‌ವೆಲ್ತ್ ಯೋಜನೆಯಲ್ಲಿ ದೂರಶಿಕ್ಷಣಕ್ಕೇ ಪ್ರತ್ಯೇಕ ವಿಭಾಗವಿದೆ, ಯಾವ ವರ್ಷ ಯಾವ ಕೋರ್ಸ್, ಯಾವ ದೇಶ ಎಂದು ಆಯಾ ಸಲದ ಪ್ರಕಟಣೆ ನೋಡಬೇಕು. ವಿಶ್ವವಿದ್ಯಾಲಯದ ಸೀಟಿಗೂ ವಿದ್ಯಾರ್ಥಿವೇತನಕ್ಕೂ ಅರ್ಜಿ ಬೇರೆ ಬೇರೆ, ಕೊನೆಯ ದಿನಾಂಕವೂ ಬೇರೆ. ಒಂದಕ್ಕೆ ಹಾಕಿ ಇನ್ನೊಂದು ತಾನಾಗಿ ಬರುತ್ತದೆ ಎಂದು ಕಾದು ಕೂತವರಿಗೆ ಆ ವರ್ಷ ಎರಡೂ ಇಲ್ಲ. ಬ್ರಿಟನ್ ವೀಸಾಕ್ಕೆ ತೋರಿಸುವ ಹಣ ಖಾತೆಯಲ್ಲಿ ಸತತ 28 ದಿನ ಇರಬೇಕು. ನಡುವೆ ಒಂದು ದಿನ ಕಡಿಮೆಯಾದರೂ ಎಣಿಕೆ ಮತ್ತೆ ಮೊದಲಿಂದ.

ಒಂದು ವರ್ಷದ ಹೊರದೇಶದ ಪದವಿಯನ್ನು ಇಲ್ಲಿನ ಸರ್ಕಾರಿ ನೇಮಕಾತಿ ಅಥವಾ ಪಿಎಚ್‌ಡಿಗೆ ತೋರಿಸುವಾಗ ಸಮಾನತೆಯ ಪತ್ರ ಕೇಳುತ್ತಾರೆ. ಸೇರುವ ಮೊದಲೇ ಆ ಕೋರ್ಸಿನ ಪಠ್ಯಕ್ರಮ, ಕ್ರೆಡಿಟ್, ಹಾಜರಾತಿ ವಿಧಾನದ ಪ್ರತಿ ತೆಗೆದಿಟ್ಟುಕೊಳ್ಳಿ. ಮುಗಿಸಿ ಬಂದ ಮೇಲೆ ಹಳೆಯ ಪಠ್ಯಕ್ರಮ ವೆಬ್‌ಸೈಟಿನಲ್ಲಿ ಇರುವುದಿಲ್ಲ.

ಗುಣಿಸು ಭಾಗಿಸು

ಥೀಸಿಸ್ ಬಗ್ಗೆ. ಮುಗ್ಗರಿಸುವ ಮೊದಲ ಜಾಗ ಸ್ಯಾಂಪಲ್ ಸೈಜ್. ಎಲ್ಲರೂ 4ಪಿಕ್ಯೂ ಭಾಗಿಸು ಡಿ ವರ್ಗ (ಪಿ ಊಹಿಸಿದ ಶೇಕಡ, ಕ್ಯೂ ನೂರರಲ್ಲಿ ಉಳಿದದ್ದು, ಡಿ ಬೇಕಾದ ನಿಖರತೆ) ಎಂದು ಬಾಯಿಪಾಠ ಮಾಡಿರುತ್ತಾರೆ, ಆ ಡಿ ಎಂದರೇನು ಎಂದು ವೈವಾದಲ್ಲಿ ಕೇಳಿದರೆ ತಡವರಿಸುತ್ತಾರೆ. ಒಂದು ಉದಾಹರಣೆ. ರಕ್ತದೊತ್ತಡ ಇರುವವರು 20% ಎಂದು ಊಹೆ. ಐದು ಅಂಶದ ನೇರ ನಿಖರತೆ ಸಾಕು ಎಂದರೆ 4×20×80÷25, ಅಂದರೆ 256 ಜನ. ಅದೇ 20ರ ಶೇಕಡ 10, ಅಂದರೆ ಎರಡು ಅಂಶದ ಸಾಪೇಕ್ಷ ನಿಖರತೆ ಬೇಕು ಎಂದರೆ 4×20×80÷4, ಅಂದರೆ 1,600 ಜನ. ಒಂದೇ ಪ್ರಶ್ನೆ, ಒಂದೇ ಊರು, ಆರು ಪಟ್ಟು ಕೆಲಸ. ಯಾವುದನ್ನು ಹಿಡಿದೆವು, ಏಕೆ ಎಂದು ಎರಡು ಸಾಲು ಬರೆಯದ ಪ್ರಸ್ತಾವ ವಾಪಸ್ ಬರುವುದು ನ್ಯಾಯವೇ.

ಎರಡನೆಯದು, ಹಳ್ಳಿಗಳನ್ನು ಆರಿಸಿ ಅಲ್ಲಿಂದ ಮನೆ ಆರಿಸಿದರೆ ಅದು ಕ್ಲಸ್ಟರ್ ಮಾದರಿ. ಒಂದೇ ಓಣಿಯ ಜನ ಒಬ್ಬರಂತೆ ಒಬ್ಬರು ಇರುತ್ತಾರೆ, ಆದ್ದರಿಂದ ಡಿಸೈನ್ ಎಫೆಕ್ಟ್, ಅಂದರೆ ಅದಕ್ಕಾಗಿ ಸ್ಯಾಂಪಲ್ ಹೆಚ್ಚಿಸುವ ಗುಣಕ, ಸೇರಿಸಬೇಕು. 50% ಎಂದು ಹಿಡಿದು ಐದು ಅಂಶಕ್ಕೆ 400 ಬಂದರೆ, ಡಿಸೈನ್ ಎಫೆಕ್ಟ್ 2 ಆದಾಗ 800. ನೂರಕ್ಕೆ ಹತ್ತು ಮಂದಿ ಸಿಗುವುದಿಲ್ಲ ಎಂದರೆ 800ನ್ನು 0.9ರಿಂದ ಭಾಗಿಸಿ 889. 800ಕ್ಕೆ ಬರೀ 80 ಕೂಡಿಸಿ 880 ಬರೆಯುವುದು ಸಣ್ಣ ತಪ್ಪು, ಆದರೆ ಬಹಳ ಕಡೆ ಕಾಣುತ್ತದೆ. ಲಸಿಕೆ ಸಮೀಕ್ಷೆಯಲ್ಲಿ ಪ್ರಸಿದ್ಧವಾದ 30 ಕ್ಲಸ್ಟರ್, ತಲಾ 7 ಮಕ್ಕಳು, ಒಟ್ಟು 210 ಎಂಬ ಲೆಕ್ಕವೂ ಇದೇ ಡಿಸೈನ್ ಎಫೆಕ್ಟ್ ಹಿಡಿದು ಬಂದದ್ದು. ಅದರಿಂದ ಇಡೀ ಜಿಲ್ಲೆಯ ಒಂದು ಅಂಕಿ ಸಿಗುತ್ತದೆ, ಅಷ್ಟೇ. ಅದನ್ನು ತಾಲ್ಲೂಕುವಾರು ಒಡೆದು ಕೋಷ್ಟಕ ಹಾಕಿದರೆ ಅರ್ಥವಿಲ್ಲ.

ಮೂರನೆಯದು ಅನುಮತಿ, ಹೆಚ್ಚು ಕಾಲ ತಿನ್ನುವುದು ಇದೇ. ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿಯನ್ನು ಪ್ರಸ್ತಾವ ಬರೆಯುವ ಮೊದಲೇ ಓದಿ. ಹೊರದೇಶದ ವಿಶ್ವವಿದ್ಯಾಲಯಕ್ಕೆ ಇಲ್ಲಿನ ದತ್ತಾಂಶ ತೆಗೆದುಕೊಂಡು ಹೋಗುವವರು ಅವರ ಎಥಿಕ್ಸ್ ಸಮಿತಿಯ ಒಪ್ಪಿಗೆ ಒಂದೇ ಸಾಕು ಎಂದುಕೊಳ್ಳುತ್ತಾರೆ. ಸಾಲದು. ಭಾರತದ ಒಂದು ಸಂಸ್ಥೆಯ ಸಮಿತಿಯೂ ಒಪ್ಪಬೇಕು. ಹೊರದೇಶದ ಹಣ ಅಥವಾ ಸಹಯೋಗ ಇದ್ದರೆ ಆರೋಗ್ಯ ಸಚಿವಾಲಯದ ಸ್ಕ್ರೀನಿಂಗ್ ಸಮಿತಿ, ಎಚ್‌ಎಂಎಸ್‌ಸಿ, ಐಸಿಎಂಆರ್ ಮೂಲಕ. ಚಿಕಿತ್ಸೆ ಅಥವಾ ಬೇರೆ ಯಾವುದೇ ಆರೋಗ್ಯ ಕ್ರಮದ (ಇಂಟರ್ವೆನ್ಷನ್) ಪ್ರಯೋಗವಾದರೆ ಮೊದಲ ವ್ಯಕ್ತಿಯನ್ನು ಸೇರಿಸುವ ಮುನ್ನವೇ ಸಿಟಿಆರ್‌ಐನಲ್ಲಿ (ಭಾರತದ ಕ್ಲಿನಿಕಲ್ ಪ್ರಯೋಗಗಳ ದಾಖಲೆ) ನೋಂದಣಿ. ಒಂದು ವರ್ಷದ ಎಂಎಸ್ಸಿಯಲ್ಲಿ ಥೀಸಿಸ್‌ಗೆ ಉಳಿಯುವುದು ಮೂರು ತಿಂಗಳು. ಇಷ್ಟೆಲ್ಲ ಆಗುವುದರಲ್ಲಿ ಅದು ಮುಗಿದಿರುತ್ತದೆ. ಅಂಥವರು ಎನ್‌ಎಫ್‌ಎಚ್‌ಎಸ್ (ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ) ದತ್ತಾಂಶದಂಥ ಸಾರ್ವಜನಿಕವಾಗಿ ಸಿಗುವುದನ್ನು ಆರಿಸಿಕೊಳ್ಳುವುದು ಒಳಿತು. ಎನ್‌ಎಫ್‌ಎಚ್‌ಎಸ್ ಬಳಸುವಾಗ ಸ್ಯಾಂಪ್ಲಿಂಗ್ ವೇಟ್ ಹಾಕದೆ ಶೇಕಡಾವಾರು ತೆಗೆದರೆ ವರದಿಯ ಅಂಕಿಗೆ ತಾಳೆಯಾಗುವುದಿಲ್ಲ. ಮೊದಲ ದಿನವೇ ಪ್ರಕಟಿತ ಒಂದು ಕೋಷ್ಟಕವನ್ನು ನೀವೇ ಮತ್ತೆ ತಯಾರಿಸಿ ಹೊಂದಿಸಿ ನೋಡಿ, ಆಮೇಲೆ ಮುಂದಕ್ಕೆ ಹೋಗಿ.

ಇನ್ನೊಂದು ಎಚ್ಚರಿಕೆ. ನಿಕ್ಷಯ್ (ಕ್ಷಯರೋಗಿಗಳ ದಾಖಲೆ), ಐಎಚ್‌ಐಪಿ (ರೋಗ ಸರ್ವೇಕ್ಷಣೆಯ ಪೋರ್ಟಲ್) ಲಾಗಿನ್ ಕೈಯಲ್ಲಿದೆ ಎಂದ ಮಾತ್ರಕ್ಕೆ ಅದರ ದತ್ತಾಂಶ ನಿಮ್ಮ ಥೀಸಿಸ್‌ಗೆ ಅಲ್ಲ. ಅದು ಕೆಲಸಕ್ಕಾಗಿ ಕೊಟ್ಟ ಕೀಲಿ. ಲಿಖಿತ ಅನುಮತಿ, ಹೆಸರು, ಫೋನ್ ನಂಬರ್ ತೆಗೆದ ಕಡತ, ಎಥಿಕ್ಸ್ ಒಪ್ಪಿಗೆ, ಮೂರೂ ಬೇಕು.

ಸಾಫ್ಟ್‌ವೇರ್‌ಗೆ ದುಡ್ಡು ಕೊಡಬೇಕಾಗಿಲ್ಲ. ವಿಶ್ಲೇಷಣೆಗೆ ಎಪಿ ಇನ್ಫೋ, ಆರ್, ನಕ್ಷೆಗೆ ಕ್ಯೂಜಿಐಎಸ್, ದತ್ತಾಂಶ ಸಂಗ್ರಹಕ್ಕೆ ಕೋಬೋ ಟೂಲ್‌ಬಾಕ್ಸ್, ನಾಲ್ಕೂ ಉಚಿತ. ಕೋಬೋ ಹಳ್ಳಿಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ತುಂಬಿಸಿಕೊಳ್ಳುತ್ತದೆ. ಪ್ರಶ್ನಾವಳಿಯನ್ನು ಕನ್ನಡ ಯೂನಿಕೋಡ್‌ನಲ್ಲೇ ಹಾಕಿ.

ಭೀಮಾ ಸಮೀಕ್ಷೆ

ಮ್ಯಾಲಿನವರು ಪ್ರಶ್ನಾವಳಿ ಕನ್ನಡದಾಗ ಹಾಕ್ರಿ ಅಂದ್ರಲ್ಲ, ಯಾವ ಕನ್ನಡ ಅನ್ನೋದು ಹೇಳಬೇಕು ನೋಡ್ರಿ. ಥೀಸಿಸ್ ಅರ್ಧ ಅಲ್ಲೇ ಕೆಡತದ.

ಇಂಗ್ಲಿಷ್ ಪ್ರಶ್ನಾವಳಿ ತಗೊಂಡು ನಿಘಂಟು ಇಟ್ಕೊಂಡು ತರ್ಜುಮೆ ಮಾಡಿದ್ರ "ತಮಗೆ ಅಧಿಕ ರಕ್ತದೊತ್ತಡವಿದೆಯೇ" ಅಂತ ಬರತದ. ಯಾದಗಿರಿ ಕಡೆ ಮುದುಕಿಗೆ ಕೇಳಿದ್ರ ಇಲ್ಲ ಅಂತಾಳ. "ಬಿಪಿ ಐತೇನವ್ವ, ಗುಳಿಗಿ ತಗೋತಿಯೇನು" ಅಂದ್ರ ಹೂಂ ಅಂತಾಳ. ಮಧುಮೇಹ ಅನ್ನಬ್ಯಾಡ್ರಿ, ಶುಗರ್ ಅನ್ರಿ, ಸಕ್ಕರಿ ರೋಗ ಅನ್ರಿ. ಮಗುವಿಗೆ ಭೇದಿ ಆಗಿತ್ತೇ ಅಂದ್ರ ಬೆಂಗಳೂರು, ಮೈಸೂರು ಕಡೆ ತಿಳಿತದ. ಇಲ್ಲಿ "ಸಂಡಾಸ್ ಹತ್ತಿತ್ತೇನು" ಅನ್ನಬೇಕು. ಅಂದ್ರೂ ಲೆಕ್ಕ ಬ್ಯಾರೆ: ದಿನಕ್ಕ ಮೂರು ಸಲ ಅಥವಾ ಹೆಚ್ಚು ನೀರಿನಂಗ ಆಗಿದ್ದರ ಮಾತ್ರ ಅದು ಕೇಸ್. ಆ ಮಾತು ಪ್ರಶ್ನಿಯೊಳಗ ಇರಬೇಕು, ಕೇಳೋ ಹುಡುಗನ ತಲಿಯೊಳಗ ಅಲ್ಲ.

"ಕಳೆದ 15 ದಿನ" ಅನ್ನೋದೂ ಯಾರಿಗೂ ನೆನಪಿರೂದಿಲ್ಲ. ಅಮಾಸಿ, ಹುಣ್ಣಿವಿ, ವಾರದ ಸಂತಿ, ಊರ ಜಾತ್ರಿ ಹಿಡಿದು ಕೇಳ್ರಿ. ಪ್ರತಿ ಊರಿಗೂ ಹೋಗೋ ಮುಂಚೆ ಆ ಊರಿನ ತಿಥಿ, ಸಂತಿ ದಿನ ಬರಕೊಂಡು ಒಂದು ಹಾಳಿ ಮಾಡ್ರಿ.

ತರ್ಜುಮೆ ಮಾಡೋ ಕ್ರಮ: ಒಬ್ಬರು ಇಂಗ್ಲಿಷ್‌ನಿಂದ ಕನ್ನಡಕ್ಕ, ಮೂಲ ನೋಡದ ಇನ್ನೊಬ್ಬರು ಕನ್ನಡದಿಂದ ಇಂಗ್ಲಿಷ್‌ಗೆ, ಎರಡೂ ಇಂಗ್ಲಿಷ್ ಎದುರುಬದುರು ಇಟ್ಟು ಹೊಂದದಿರೋ ಸಾಲು ತಿದ್ದೂದು. ಆಮ್ಯಾಲೆ ಸಮೀಕ್ಷಿಗೆ ಆರಿಸದ ಊರಾಗ ಹತ್ತಿಪ್ಪತ್ತು ಮಂದಿಗೆ ಕೇಳಿ ನೋಡೂದು. ಪ್ರತಿ ಪ್ರಶ್ನಿ ಆದಮ್ಯಾಲೆ "ನಾ ಏನು ಕೇಳಿದೆ, ನೀವೇ ಹೇಳ್ರಿ" ಅಂತ ಅವರ ಬಾಯಿಂದನ ತಗೀರಿ. ಕಲಬುರಗಿ, ಬೀದರ ಕಡೆ ದಖನಿ ಉರ್ದು, ಗಡಿಯಾಗ ಮರಾಠಿ, ತೆಲುಗು, ತಾಂಡಾದಾಗ ಲಂಬಾಣಿ. ಕನ್ನಡ ಪ್ರಶ್ನಾವಳಿ ಹಿಡಿದು ಅಲ್ಲೇ ನಿಂತು ಬಾಯಾಗ ತರ್ಜುಮೆ ಮಾಡಿದ್ರ ಹತ್ತು ಮಂದಿ ಹತ್ತು ಪ್ರಶ್ನಿ ಕೇಳಿದಂಗ ಆಗತದ.

ಕಾಲನೂ ನೋಡ್ರಿ. ಸುಗ್ಗಿ ಮುಗಿದ ಮ್ಯಾಲೆ ತಾಂಡಾ ಮಂದಿ ಬೆಂಗಳೂರು, ಪುಣಾ, ಗೋವಾಕ್ಕ ದುಡಿಯಾಕ ಹೋಗತಾರ. ಮನಿಗೆ ಕೀಲಿ ಇರತದ. ಕೀಲಿ ಹಾಕಿದ ಮನಿ ಬಿಟ್ಟು ಪಕ್ಕದ ಮನಿ ತಗೊಂಡ್ರ, ಊರು ಬಿಟ್ಟು ಹೋಗೋ ಬಡವರು ನಿಮ್ಮ ಲೆಕ್ಕದಾಗ ಬರೂದೇ ಇಲ್ಲ. ಅಪೌಷ್ಟಿಕತೆ ಅಧ್ಯಯನದಾಗ ಅದರಕಿಂತ ದೊಡ್ಡ ತಪ್ಪು ಇಲ್ಲ. ಕೀಲಿ ಹಾಕಿದ ಮನಿಗೆ ಎಷ್ಟು ಸಲ, ಯಾವ ಯಾವ ಹೊತ್ತಿನಾಗ ಹೋಗಬೇಕು ಅಂತ ಪ್ರಸ್ತಾವದಾಗ ಮೊದಲ ಬರೀರಿ.

ತುಂಗಾತೀರ

ಎಲ್ಲರಿಗೂ ಧನ್ಯವಾದ. ಭಾಷೆಯ ಮಾತು ಎಲ್ಲೂ ಓದಿರಲಿಲ್ಲ. ಇನ್ನೆರಡು ಕೇಳುವುದಿದೆ. ಎಂಪಿಎಚ್ ಪ್ರವೇಶ ಪರೀಕ್ಷೆ, ಸಂದರ್ಶನಕ್ಕೆ ಏನು ಓದಬೇಕು? ಸಿಎಚ್‌ಒ ಅವರಿಗೆ ಮುಂದೆ ನೆರೆ, ನಿರಾಶ್ರಿತರ ಶಿಬಿರಗಳಲ್ಲಿ ಅಂತರರಾಷ್ಟ್ರೀಯ ಸಂಸ್ಥೆಗಳ ಜೊತೆ ಕೆಲಸ ಮಾಡುವ ಆಸೆ. ನರ್ಸಿಂಗ್ ಹಿನ್ನೆಲೆಗೆ ಅಲ್ಲಿ ಬೆಲೆ ಇದೆಯೇ?

ಸರ್ವೇಕ್ಷಣೆ

ಪರೀಕ್ಷೆಯಲ್ಲಿ ವ್ಯಾಖ್ಯೆ ಕಂಠಪಾಠ ಮಾಡಿದವರಿಗಿಂತ ಎರಡು ಬೈ ಎರಡು ಕೋಷ್ಟಕ ಬಿಡಿಸಬಲ್ಲವರು ಮುಂದಿರುತ್ತಾರೆ. ಅಭ್ಯಾಸಕ್ಕೆ ಒಂದು: ಮದುವೆ ಊಟಕ್ಕೆ ಬಂದ 200 ಜನರಲ್ಲಿ 120 ಮಂದಿ ಮಜ್ಜಿಗೆ ಕುಡಿದರು, ಅವರಲ್ಲಿ 48 ಜನರಿಗೆ ವಾಂತಿಭೇದಿ. ಕುಡಿಯದ 80 ಮಂದಿಯಲ್ಲಿ 4 ಜನರಿಗೆ. ಅಟ್ಯಾಕ್ ರೇಟ್ (ರೋಗ ಬಂದವರ ಶೇಕಡ) ಕುಡಿದವರಲ್ಲಿ 40%, ಕುಡಿಯದವರಲ್ಲಿ 5%, ರಿಲೇಟಿವ್ ರಿಸ್ಕ್ (ಎರಡರ ಅನುಪಾತ) 8. ಇಷ್ಟು ಎಲ್ಲರೂ ಮಾಡುತ್ತಾರೆ. ಸಂದರ್ಶಕರು ಕೇಳುವುದು ಆಮೇಲಿನದು. ಕುಡಿಯದ ನಾಲ್ವರಿಗೆ ಏಕೆ ಬಂತು? ನೆನಪಿನ ತಪ್ಪು, ಒಂದೇ ಸೌಟು ಎರಡು ಪಾತ್ರೆಗೆ ಹಾಕಿದ್ದು, ಮಜ್ಜಿಗೆಗೆ ಹಾಕಿದ ನೀರನ್ನೇ ಕುಡಿಯಲು ಕೊಟ್ಟದ್ದು, ಹೀಗೆ ಹೇಳುತ್ತ ಹೋಗಬೇಕು. ಕುಡಿದ 72 ಮಂದಿಗೆ ಏಕೆ ಬರಲಿಲ್ಲ? ಮಜ್ಜಿಗೆಯೋ ನೀರೋ ಎಂದು ಬೇರ್ಪಡಿಸಲು ಮುಂದಿನ ಹೆಜ್ಜೆ ಏನು? ಪ್ರಯೋಗಾಲಯದ ವರದಿ ಬರುವ ಮುನ್ನವೇ ಆ ಬಾವಿಗೆ ಕ್ಲೋರಿನ್ ಹಾಕಿಸುತ್ತೀರಾ? ಹಾಕಿಸಬೇಕು, ಹಾಕಿಸುವ ಮೊದಲು ನೀರಿನ ಮಾದರಿ ತೆಗೆದಿರಬೇಕು. ಈ ಕ್ರಮ ತಪ್ಪಿದರೆ ಪುರಾವೆಯೇ ಹೋಗುತ್ತದೆ, ಇಲಾಖೆಯ ತನಿಖೆಗಳಲ್ಲೂ ಅಡಿಗಡಿಗೆ ಆಗುವ ತಪ್ಪು ಇದು.

ರೋಗ ಸರ್ವೇಕ್ಷಣೆಯ ಎಸ್, ಪಿ, ಎಲ್ ಫಾರ್ಮ್‌ಗಳನ್ನು (ಶಂಕಿತ, ಸಂಭವನೀಯ, ಲ್ಯಾಬ್ ಖಚಿತ ಪ್ರಕರಣಗಳವು) ಯಾರು ತುಂಬುತ್ತಾರೆ ಎಂದು ಮಾತ್ರವಲ್ಲ, ಅಂಕಿ ಎಲ್ಲಿ ಕಳೆದುಹೋಗುತ್ತದೆ ಎಂದೂ ಹೇಳಲು ಬರಬೇಕು. ಖಾಸಗಿ ಕ್ಲಿನಿಕ್‌ಗೆ ಹೋದ ಜ್ವರ ಎಲ್ಲಿ ದಾಖಲಾಗುತ್ತದೆ? ಲ್ಯಾಬಿನವರು ಪಾಸಿಟಿವ್ ಮಾತ್ರ ಹಾಕಿ ಒಟ್ಟು ಪರೀಕ್ಷೆ ಹಾಕದಿದ್ದರೆ ಪಾಸಿಟಿವಿಟಿ ಹೇಗೆ ತೆಗೆಯುತ್ತೀರಿ? ಪಿಎಚ್‌ಸಿಯಲ್ಲಿ ಕೆಲಸ ಮಾಡಿದವರಿಗೆ ಇದು ಅಂಗೈ ಮೇಲಿನ ನೆಲ್ಲಿ, ಹೊಸಬರಿಗೆ ಪುಸ್ತಕದಲ್ಲಿ ಸಿಗದು. ಹಿಂಜರಿಯದೆ ಅದನ್ನೇ ಮುಂದಿಡಿ.

ಅರ್ಜಿಯ ಜೊತೆಗಿನ ಉದ್ದೇಶ ಪತ್ರಕ್ಕೂ ಇದೇ ಮಾತು. "ಬಡವರ ಸೇವೆ ಮಾಡುವ ಹಂಬಲ" ಎಂಬ ಸಾಲು ಎಲ್ಲ ಅರ್ಜಿಯಲ್ಲೂ ಇರುತ್ತದೆ. ಅದರ ಬದಲು, ನಮ್ಮ ವ್ಯಾಪ್ತಿಯಲ್ಲಿ ಬಿಪಿ ಮಾತ್ರೆ ಶುರು ಮಾಡಿದವರು ಇಷ್ಟು, ಆರು ತಿಂಗಳಿಗೆ ಇನ್ನೂ ಬರುತ್ತಿರುವವರು ಇಷ್ಟು, ಬಿಟ್ಟವರಲ್ಲಿ ಹೆಚ್ಚಿನವರು ಈ ಊರಿನವರು, ಕಾರಣ ಹುಡುಕಲು ನನಗೆ ಇಂಥ ವಿಧಾನ ಬರುವುದಿಲ್ಲ, ಅದಕ್ಕೇ ಈ ಕೋರ್ಸ್, ಎಂದು ಬರೆಯಿರಿ. ಒಂದು ಪುಟ ಸಾಕು.

ಕಡಲಾಚೆ

ಸಿಎಚ್‌ಒ ಅವರ ಪ್ರಶ್ನೆಗೆ: ಖಂಡಿತ ಬೆಲೆ ಇದೆ. ಶಿಬಿರದ ಆರೋಗ್ಯ ಕೆಲಸ ಬಹುಪಾಲು ನರ್ಸ್‌ಗಳ ಹೆಗಲ ಮೇಲೆಯೇ ನಡೆಯುವುದು. ಲಸಿಕೆ, ಪೌಷ್ಟಿಕತೆ, ಹೆರಿಗೆ, ವಾಂತಿಭೇದಿ ಚಿಕಿತ್ಸಾ ಕೇಂದ್ರ, ಔಷಧ ದಾಸ್ತಾನು, ಎಲ್ಲವೂ. ಆದರೆ ಶುಶ್ರೂಷೆ ಬಂದರೆ ಸಾಲದು, ಅಳತೆ ಬರಬೇಕು. ವಿಪತ್ತಿನ ನೆರವಿಗೆ ಜಗತ್ತು ಬಳಸುವ ಸ್ಫಿಯರ್ ಮಾನದಂಡಗಳನ್ನು ಈಗಲೇ ಓದಲು ಹೇಳಿ, ಉಚಿತವಾಗಿ ಸಿಗುತ್ತದೆ. ದಿನಕ್ಕೆ ತಲಾ ಕನಿಷ್ಠ 15 ಲೀಟರ್ ನೀರು. 20 ಜನರಿಗೆ ಒಂದು ಶೌಚಾಲಯ, ಮೊದಲ ದಿನಗಳ ಗಡಿಬಿಡಿಯಲ್ಲಿ 50ಕ್ಕೆ ಒಂದಾದರೂ ಇರಲೇಬೇಕು. ದಿನಕ್ಕೆ 10,000 ಜನರಲ್ಲಿ ಒಂದು ಸಾವು ಎಂದರೆ ತುರ್ತು ಸ್ಥಿತಿ, ಐದು ವರ್ಷದೊಳಗಿನ ಮಕ್ಕಳಲ್ಲಾದರೆ 10,000ಕ್ಕೆ ಎರಡು. ಚಿಕ್ಕ ಮಕ್ಕಳ ತೋಳಿನ ಸುತ್ತಳತೆ 115 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ. ಈ ಕೊನೆಯ ಟೇಪು ಅವರ ಕೈಯಲ್ಲಿ ಈಗಾಗಲೇ ಇದೆ.

ಲೆಕ್ಕ ಮಾಡುವ ಬಗೆ ಇದು. 25,000 ಜನರ ಶಿಬಿರ, ಒಂದು ವಾರದಲ್ಲಿ 21 ಸಾವು. 21ನ್ನು 7ರಿಂದ ಭಾಗಿಸಿದರೆ ದಿನಕ್ಕೆ 3. ಅದನ್ನು 2.5ರಿಂದ ಭಾಗಿಸಿದರೆ 10,000ಕ್ಕೆ 1.2, ಮಿತಿ ದಾಟಿದೆ. ಆದರೆ ಛೇದದಲ್ಲಿರುವ 25,000 ಎಂಬ ಸಂಖ್ಯೆ ಎಲ್ಲಿಂದ ಬಂತು? ರೇಷನ್ ಪಟ್ಟಿಯಿಂದಾದರೆ ಹೆಚ್ಚಾಗಿ ನಮೂದಾಗಿರುವ ಸಂಭವ ಇದೆ, ಹಾಗಾದರೆ ನಿಜವಾದ ಸಾವಿನ ದರ ಇನ್ನೂ ಮೇಲಿದೆ. ಶಿಬಿರದ ಸ್ಮಶಾನದಲ್ಲಿ ಹೊಸ ಗೋರಿ ಎಣಿಸುವ ಪದ್ಧತಿ ಇರುವುದು ಈ ಸಂಶಯಕ್ಕಾಗಿಯೇ.

ಅವರಿಗೆ ನಾನು ಹೇಳುವ ಕ್ರಮ: ಈ ವರ್ಷ ಐಐಟಿಗಳ ಆನ್‌ಲೈನ್ ಕಲಿಕಾ ತಾಣ ಎನ್‌ಪಿಟಿಇಎಲ್‌ನಲ್ಲಿರುವ ಐಸಿಎಂಆರ್‌ನ ಸಂಶೋಧನಾ ವಿಧಾನದ ಉಚಿತ ಕೋರ್ಸ್ ಮುಗಿಸಲಿ. ಅದರ ಜೊತೆಗೇ ತಮ್ಮ ಉಪಕೇಂದ್ರದ ಒಂದು ರಿಜಿಸ್ಟರಿನ ದತ್ತಾಂಶವನ್ನು, ವೈದ್ಯಾಧಿಕಾರಿಯ ಒಪ್ಪಿಗೆ ಪಡೆದು, ಎಪಿ ಇನ್ಫೋದಲ್ಲಿ ಹಾಕಿ ಕೋಷ್ಟಕ ತೆಗೆಯುವುದನ್ನು ಕಲಿಯಲಿ. ನಂತರ ಇಲ್ಲಿಯೇ ಎಂಪಿಎಚ್. ಹೊರಗಿನ ಸಂಸ್ಥೆಗಳು ಅನುಭವವನ್ನು ಪದವಿಯ ನಂತರದ್ದು, ಮೊದಲಿನದ್ದು ಎಂದು ಬೇರೆ ಬೇರೆಯಾಗಿ ಎಣಿಸುತ್ತವೆ, ಆದ್ದರಿಂದ ಸಿಎಚ್‌ಒ ಸೇವೆಯ ಪ್ರಮಾಣಪತ್ರದಲ್ಲಿ ದಿನಾಂಕ, ಜನಸಂಖ್ಯೆ, ಮಾಡಿದ ಕೆಲಸ ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆಸಿ ಸಹಿ, ಸೀಲು ಹಾಕಿಸಿಟ್ಟುಕೊಳ್ಳಲಿ. ಈಗಿನ ಟಿಎಚ್‌ಒ ವರ್ಗವಾಗಿ ಹೋಗುವ ಮೊದಲೇ ಮಾಡಿಸುವುದು ಒಳ್ಳೆಯದು.

ತುಂಗಾತೀರ

ಸೇವಾ ಪ್ರಮಾಣಪತ್ರದ ಮಾದರಿ ಯಾರ ಬಳಿಯಾದರೂ ಇದ್ದರೆ, ಹೆಸರು ಅಳಿಸಿ ಇಲ್ಲಿ ಹಾಕುತ್ತೀರಾ?

ಕಡಲಾಚೆ

ಮಾದರಿ ಬೇಕಾಗಿಲ್ಲ, ಏಳು ಸಾಲು ಇದ್ದರಾಯಿತು. ಹುದ್ದೆ, ಸೇರಿದ ದಿನಾಂಕ, ವಾರಕ್ಕೆ ಎಷ್ಟು ಗಂಟೆ ಕೆಲಸ, ವ್ಯಾಪ್ತಿಯ ಹಳ್ಳಿ ಮತ್ತು ಜನಸಂಖ್ಯೆ, ಮೇಲ್ವಿಚಾರಣೆಯಲ್ಲಿರುವ ಆಶಾಗಳ ಸಂಖ್ಯೆ, ನಿರ್ವಹಿಸಿದ ಕಾರ್ಯಕ್ರಮಗಳು, ಸಹಿ ಮಾಡಿದವರ ಪದನಾಮ ಮತ್ತು ಕಚೇರಿಯ ಇ-ಮೇಲ್. ವಾರದ ಗಂಟೆ ಬರೆಸಲು ಮರೆಯಬೇಡಿ, ಚೀವ್ನಿಂಗ್‌ನವರು 2,800 ಗಂಟೆಯನ್ನು ಅದರಿಂದಲೇ ಲೆಕ್ಕ ಹಾಕುವುದು.